ಪೆಗ್ಗಿ ಆಶ್‌ಕ್ರಾಫ್ಟ್: ಬದುಕು ಮತ್ತು ನಟನೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪೆಗ್ಗಿ ಆಶ್‌ಕ್ರಾಫ್ಟ್ ಯಾರು? ಕನ್ನಡದ ಓದುಗರು ಅವರನ್ನು ಏಕೆ ತಿಳಿದುಕೊಳ್ಳಬೇಕು?

ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ರಂಗಭೂಮಿಯ ಅತ್ಯಂತ ದೊಡ್ಡ ನಟಿಯರಲ್ಲಿ ಪೆಗ್ಗಿ ಆಶ್‌ಕ್ರಾಫ್ಟ್ ಒಬ್ಬರು. 1926ರಲ್ಲಿ ವೃತ್ತಿರಂಗವನ್ನು ಪ್ರವೇಶಿಸಿದ ಅವರು ಐವತ್ತೈದಕ್ಕೂ ಹೆಚ್ಚು ವರ್ಷ ರಂಗದ ಮೇಲಿದ್ದರು. ಆದರೆ ಹೊರಗಿನ ಜಗತ್ತು ಅವರನ್ನು ಗುರುತಿಸಿದ್ದು ಎಪ್ಪತ್ತೈದು ದಾಟಿದ ಮೇಲೆ, ಭಾರತದಲ್ಲಿ ನಡೆಯುವ ಎರಡು ಕಥೆಗಳ ಮೂಲಕ. ಒಂದು, ‘ದ ಜ್ಯುವೆಲ್ ಇನ್ ದ ಕ್ರೌನ್’ ಎಂಬ ಟೆಲಿವಿಷನ್ ಧಾರಾವಾಹಿ. ಇನ್ನೊಂದು, ಇ. ಎಂ. ಫಾರ್ಸ್ಟರ್ ಅವರ ಕಾದಂಬರಿಯನ್ನು ಆಧರಿಸಿ ಡೇವಿಡ್ ಲೀನ್ ನಿರ್ದೇಶಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಲನಚಿತ್ರ. ಈ ಎರಡನೆಯದರ ಬಹುಭಾಗ ಚಿತ್ರೀಕರಣವಾದದ್ದು ನಮ್ಮ ಬೆಂಗಳೂರಿನಲ್ಲಿ ಮತ್ತು ರಾಮನಗರದ ಸುತ್ತಮುತ್ತಲಿನ ಬೆಟ್ಟಗಳಲ್ಲಿ. ಆ ಚಿತ್ರವನ್ನು ನೋಡಿದವರಿಗೂ, ಅವರು ಮಾಡಿದ ಮಿಸೆಸ್ ಮೂರ್ ಎಂಬ ವಯಸ್ಸಾದ ಇಂಗ್ಲಿಷ್ ಹೆಂಗಸಿನ ಪಾತ್ರದ ಹಿಂದೆ ಅರ್ಧ ಶತಮಾನದ ರಂಗಾನುಭವ ನಿಂತಿದೆ ಎಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಆ ಮುಖದ ಹಿಂದಿನ ಐವತ್ತು ವರ್ಷಗಳನ್ನು ಪರಿಚಯಿಸುವುದೇ ಈ ಪುಟದ ಉದ್ದೇಶ.

ಅವರ ಹುಟ್ಟು, ಮನೆತನ?

ಅವರು ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ. ಪೂರ್ಣ ಹೆಸರು ಈಡಿತ್ ಮಾರ್ಗರೆಟ್ ಎಮಿಲಿ ಆಶ್‌ಕ್ರಾಫ್ಟ್. ತಂದೆ ಜಮೀನು ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವರು. ಮೊದಲನೆಯ ಮಹಾಯುದ್ಧದಲ್ಲಿ, ಮಗಳಿಗೆ ಹತ್ತು ವರ್ಷವಿದ್ದಾಗ, ತೀರಿಹೋದರು. ತಾಯಿ ಡ್ಯಾನಿಷ್ ಮತ್ತು ಜರ್ಮನ್ ಯಹೂದಿ ಮೂಲದವರು, ಹವ್ಯಾಸಿ ರಂಗಭೂಮಿಯಲ್ಲಿ ಒಲವಿದ್ದವರು. ತಾಯಿಗೆ ಮಾತಿನ ಶಿಕ್ಷಣ ಕೊಟ್ಟಿದ್ದ ಎಲ್ಸಿ ಫೊಗರ್ಟಿಯವರೇ ಮುಂದೆ ಮಗಳಿಗೂ ಗುರುಗಳಾದರು. 1926ರಲ್ಲಿ ತಾಯಿಯೂ ತೀರಿಕೊಂಡರು.

ಅಭಿನಯದ ತರಬೇತಿ ಎಲ್ಲಿ ಆಯಿತು?

ಹದಿನಾರನೆಯ ವಯಸ್ಸಿನಲ್ಲಿ ಅವರು ಫೊಗರ್ಟಿಯವರ ಸೆಂಟ್ರಲ್ ಸ್ಕೂಲಿಗೆ ಸೇರಿದರು. ಆಗ ಆ ಶಾಲೆ ನಡೆಯುತ್ತಿದ್ದದ್ದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಕಟ್ಟಡದೊಳಗೆ. ಅವರ ಸಹಪಾಠಿಗಳಲ್ಲಿ ಒಬ್ಬರು ಲಾರೆನ್ಸ್ ಒಲಿವಿಯರ್. ಶಾಲೆಯ ಒತ್ತು ಇದ್ದದ್ದು ಉಚ್ಚಾರಣೆ ಮತ್ತು ಕಂಠದ ಮೇಲೆ; ಪಾತ್ರದ ಒಳಗಿನ ಸತ್ಯವನ್ನು ಹುಡುಕಬೇಕು ಎಂಬ ಪಾಠವನ್ನು ಆಶ್‌ಕ್ರಾಫ್ಟ್ ಕಲಿತದ್ದು ಹೆಚ್ಚಾಗಿ ರಷ್ಯದ ಸ್ತಾನಿಸ್ಲಾವ್‌ಸ್ಕಿಯ ಆತ್ಮಕಥೆಯನ್ನು ಓದಿ. ತಾರೆಯೊಬ್ಬಳ ಸುತ್ತ ಉಳಿದವರು ನಿಲ್ಲುವ ನಾಟಕಕ್ಕಿಂತ ಎಲ್ಲರೂ ಸೇರಿ ಕಟ್ಟುವ ನಾಟಕ ದೊಡ್ಡದು ಎಂಬ ನಂಬಿಕೆ ಅವರಲ್ಲಿ ಆಗಲೇ ಬೇರೂರಿತು. ಮುಂದೆ ಅವರು ತೆಗೆದುಕೊಂಡ ಪ್ರತಿಯೊಂದು ದೊಡ್ಡ ತೀರ್ಮಾನದಲ್ಲೂ ಈ ನಂಬಿಕೆ ಕಾಣುತ್ತದೆ.

ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ, 1926ರಲ್ಲಿ, ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಥಿಯೇಟರಿನಲ್ಲಿ ‘ಡಿಯರ್ ಬ್ರೂಟಸ್’ ನಾಟಕದ ಮೂಲಕ ಅವರು ವೃತ್ತಿರಂಗಕ್ಕೆ ಬಂದರು. ಎದುರು ನಟಿಸಿದವರು ರಾಲ್ಫ್ ರಿಚರ್ಡ್‌ಸನ್; ಆ ಜೋಡಿ ಐದು ದಶಕಗಳ ಕಾಲ ಆಗಾಗ ಮತ್ತೆ ಒಂದೇ ರಂಗದ ಮೇಲೆ ಕಾಣಿಸಿಕೊಂಡಿತು.

ಪಾಲ್ ರೋಬ್ಸನ್ ಜೊತೆಗಿನ ‘ಒಥೆಲೋ’ ಏಕೆ ಅಷ್ಟು ಮಹತ್ವದ್ದು?

1930ರ ಮೇ ತಿಂಗಳಲ್ಲಿ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಅಮೆರಿಕದ ಕಪ್ಪು ಜನಾಂಗದ ಗಾಯಕ, ನಟ ಪಾಲ್ ರೋಬ್ಸನ್ ಒಥೆಲೋ ಆದರು. ಇಪ್ಪತ್ತೆರಡು ವರ್ಷದ ಆಶ್‌ಕ್ರಾಫ್ಟ್ ಡೆಸ್ಡಿಮೋನಾ ಆದರು. ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಂಡು ಆ ಪಾತ್ರವನ್ನು ಮಾಡುತ್ತಿದ್ದ ಕಾಲ ಅದು. ರಂಗದ ಮೇಲೆ ಕಪ್ಪು ಗಂಡಸೊಬ್ಬ ಬಿಳಿ ಹೆಂಗಸನ್ನು ಚುಂಬಿಸುವುದು ಹಲವರಿಗೆ ಸಹಿಸಲಾಗದ ಸಂಗತಿಯಾಗಿತ್ತು, ಆಶ್‌ಕ್ರಾಫ್ಟ್ ಅವರಿಗೆ ದ್ವೇಷದ ಕಾಗದಗಳು ಬಂದವು. ಥಿಯೇಟರಿನಲ್ಲಿ ನಾಯಕನಾಗಿ ನಿಲ್ಲುವ ರೋಬ್ಸನ್‌ಗೆ ಅದೇ ಹೆಸರಿನ ಪಕ್ಕದ ಹೋಟೆಲಿನಲ್ಲಿ ಸ್ವಾಗತವಿಲ್ಲ ಎಂಬುದನ್ನು ಕಂಡು ಅವರು ಬೆಚ್ಚಿದರು.

ನನ್ನ ಓದಿನಲ್ಲಿ, ಮುಂದೆ ಅವರು ನಾಗರಿಕ ಹಕ್ಕುಗಳ ಪರವಾಗಿ ಬಹಿರಂಗವಾಗಿ ನಿಂತದ್ದರ ಮೊದಲ ಪಾಠ ಇಲ್ಲಿಯದು. ಐವತ್ತನಾಲ್ಕು ವರ್ಷದ ಬಳಿಕ ಅವರು ಮಿಸೆಸ್ ಮೂರ್ ಆಗಿ, ಜನಾಂಗದ ಗೋಡೆಯನ್ನು ಗಮನಿಸದೆಯೇ ದಾಟಿಬಿಡುವ ಹೆಂಗಸಾಗಿ ಬಂದಾಗ, ಆ ನಡಿಗೆಯಲ್ಲಿ ಈ ಹಳೆಯ ನೆನಪು ಇರಲಿಲ್ಲ ಎಂದು ನಂಬುವುದು ನನಗೆ ಕಷ್ಟ.

ಯಾವ ನಾಟಕದಿಂದ ಅವರು ಮೊದಲ ಸಾಲಿನ ನಟಿಯಾದರು?

ಒಂದೇ ನಾಟಕವನ್ನು ಹೆಸರಿಸಬೇಕಾದರೆ 1935ರ ‘ರೋಮಿಯೋ ಜೂಲಿಯೆಟ್’. ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ಜಾನ್ ಗಿಲ್‌ಗುಡ್ ನಿರ್ದೇಶಿಸಿದ ಆ ಪ್ರಯೋಗದಲ್ಲಿ ಗಿಲ್‌ಗುಡ್ ಮತ್ತು ಒಲಿವಿಯರ್ ರೋಮಿಯೋ ಹಾಗೂ ಮರ್ಕ್ಯುಷಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡರು. ಒಬ್ಬರದು ಕಾವ್ಯವನ್ನು ಹಾಡಿನಂತೆ ನುಡಿಸುವ ಕಂಠ, ಇನ್ನೊಬ್ಬರದು ಮೈಯಲ್ಲೇ ಆವೇಶ ತುಂಬಿದ ನಟನೆ. ಇಬ್ಬರು ರೋಮಿಯೋಗಳಿಗೂ ಜೂಲಿಯೆಟ್ ಒಬ್ಬರೇ, ದಾದಿಯಾಗಿ ಈಡಿತ್ ಇವಾನ್ಸ್. ಎದುರಿನ ನಟ ಬದಲಾದಾಗ ತಾನೂ ಅದಕ್ಕೆ ಹೊಂದಿಕೊಳ್ಳಬೇಕು, ಆದರೆ ಪಾತ್ರ ಕೈತಪ್ಪಬಾರದು. ಅಂಥ ಪರೀಕ್ಷೆಯನ್ನು ಅವರು ತಿಂಗಳುಗಟ್ಟಲೆ ಎದುರಿಸಿದರು. ಅದೇ ನಾಟಕದಲ್ಲಿ ಔಷಧಿ ಮಾರುವವನ ಪುಟ್ಟ ಪಾತ್ರ ಮಾಡಿದ್ದ ತರುಣ ಆಲೆಕ್ ಗಿನ್ನೆಸ್. ಅರ್ಧ ಶತಮಾನದ ನಂತರ ಆಶ್‌ಕ್ರಾಫ್ಟ್ ಮತ್ತು ಗಿನ್ನೆಸ್ ಇಬ್ಬರೂ ಒಂದೇ ಚಿತ್ರಕ್ಕಾಗಿ ಬೆಂಗಳೂರಿಗೆ ಬಂದರು.

ಅದಕ್ಕೆ ಮೊದಲೇ, 1932ರಿಂದ 1933ರವರೆಗೆ, ಲಿಲಿಯನ್ ಬೇಲಿಸ್ ನಡೆಸುತ್ತಿದ್ದ ಓಲ್ಡ್ ವಿಕ್ ರಂಗಮಂದಿರದಲ್ಲಿ ಅವರು ಒಂದರ ಹಿಂದೊಂದು ಶೇಕ್ಸ್‌ಪಿಯರ್ ನಾಯಕಿಯರ ಪಾತ್ರ ಮಾಡಿದ್ದರು: ಇಮೊಜೆನ್, ರೊಸಲಿಂಡ್, ಪೋರ್ಷಿಯಾ, ಪರ್ಡಿಟಾ, ಜೂಲಿಯೆಟ್, ಮಿರಾಂಡಾ. ಒಂದೇ ಋತುವಿನಲ್ಲಿ ಇಷ್ಟು ಪಾತ್ರಗಳನ್ನು ಬಾಯಿಪಾಠ ಮಾಡಿ, ಇಂದು ಒಂದನ್ನು ಆಡುತ್ತ ನಾಳೆ ಇನ್ನೊಂದರ ತಾಲೀಮು ನಡೆಸುವ ಕಷ್ಟ, ನಮ್ಮ ರೆಪರ್ಟರಿಗಳ ನಟನಟಿಯರಿಗೆ ಹೊಸದೇನಲ್ಲ.

ಅವರ ಖಾಸಗಿ ಬದುಕಿನ ಬಗ್ಗೆ?

ಮೂರು ಮದುವೆಗಳಾದವು, ಮೂರೂ ವಿಚ್ಛೇದನದಲ್ಲಿ ಮುಗಿದವು. ಮೊದಲ ಪತಿ, ಮುಂದೆ ಪ್ರಕಾಶಕರಾಗಿ ಹೆಸರಾದ ರೂಪರ್ಟ್ ಹಾರ್ಟ್-ಡೇವಿಸ್; ಎರಡನೆಯವರು ರಷ್ಯನ್ ಮೂಲದ ನಿರ್ದೇಶಕ ಥಿಯೊಡರ್ ಕೊಮಿಸಾರ್ಜೆವ್‌ಸ್ಕಿ; ಮೂರನೆಯವರು ವಕೀಲ ಜೆರೆಮಿ ಹಚಿನ್‌ಸನ್. 1940ರಲ್ಲಿ ನಡೆದ ಈ ಮೂರನೆಯ ಮದುವೆ 1965ರವರೆಗೆ ಉಳಿಯಿತು, ಒಬ್ಬ ಮಗಳು ಮತ್ತು ಒಬ್ಬ ಮಗ ಹುಟ್ಟಿದರು. ಕೊಮಿಸಾರ್ಜೆವ್‌ಸ್ಕಿಯವರ ಜೊತೆಗಿನ ಸಂಸಾರ ಹೆಚ್ಚು ದಿನ ನಡೆಯಲಿಲ್ಲ, ಆದರೆ 1936ರಲ್ಲಿ ಅವರ ನಿರ್ದೇಶನದಲ್ಲೇ ಆಶ್‌ಕ್ರಾಫ್ಟ್ ಚೆಕಾಫನ ‘ದ ಸೀಗಲ್’ನ ನೀನಾ ಆದರು.

ಯುದ್ಧದ ನಂತರದ ದೊಡ್ಡ ಪಾತ್ರಗಳು ಯಾವುವು?

1949ರಲ್ಲಿ ‘ದ ಏರೆಸ್’ ನಾಟಕದ ಕ್ಯಾಥರಿನ್ ಸ್ಲೋಪರ್. ತಂದೆಯ ತಿರಸ್ಕಾರದಲ್ಲಿ ಮುದುಡಿದ, ಹಣಕ್ಕಾಗಿ ಬಂದ ಪ್ರಿಯಕರನಿಂದ ಮೋಸಹೋದ ಹುಡುಗಿ ಕೊನೆಗೆ, ಅವನು ಹೊರಗೆ ಬಾಗಿಲು ಬಡಿಯುತ್ತಿರುವಾಗ, ದೀಪ ಹಿಡಿದು ಮಹಡಿ ಮೆಟ್ಟಿಲು ಹತ್ತಿ ಹೋಗುತ್ತಾಳೆ. ತಂದೆಯಾಗಿ ನಟಿಸಿದವರು ರಿಚರ್ಡ್‌ಸನ್. 1952ರಲ್ಲಿ ಟೆರೆನ್ಸ್ ರಾಟಿಗನ್ ಅವರ ‘ದ ಡೀಪ್ ಬ್ಲೂ ಸೀ’ಯ ಹೆಸ್ಟರ್: ನ್ಯಾಯಾಧೀಶನಾದ ಗಂಡನನ್ನು ತೊರೆದು, ಯುದ್ಧ ಮುಗಿದು ದಿಕ್ಕುಗೆಟ್ಟ ಪೈಲಟ್ ಒಬ್ಬನ ಜೊತೆ ಬಾಡಿಗೆ ಕೋಣೆಯಲ್ಲಿ ಬದುಕುವವಳು. ತೆರೆ ಸರಿದಾಗ ಅವಳು ಪ್ರಜ್ಞೆಯಿಲ್ಲದೆ ಗ್ಯಾಸ್ ಒಲೆಯ ಮುಂದೆ ಬಿದ್ದಿರುತ್ತಾಳೆ. ಈ ಪಾತ್ರಕ್ಕೆ ಆಶ್‌ಕ್ರಾಫ್ಟ್ ಮೊದಲು ಹಿಂದೇಟು ಹಾಕಿದ್ದರು, ಆದರೆ ಒಪ್ಪಿಕೊಂಡ ಮೇಲೆ ಅದು ಅವರ ಹೆಸರಿನೊಂದಿಗೆ ಸೇರಿಹೋಯಿತು. ಆಮೇಲೆ ಈ ಪಾತ್ರ ಮಾಡಿದ ನಟಿಯರೆಲ್ಲ ಅವರ ಹೆಸ್ಟರ್‌ನೊಂದಿಗಿನ ಹೋಲಿಕೆಯನ್ನು ಎದುರಿಸಬೇಕಾಯಿತು.

1953ರಲ್ಲಿ ಮೈಕೆಲ್ ರೆಡ್‌ಗ್ರೇವ್ ಎದುರು ಕ್ಲಿಯೋಪಾತ್ರ, 1954ರಲ್ಲಿ ಇಬ್ಸನ್ನನ ಹೆಡ್ಡಾ ಗಾಬ್ಲರ್. ಹೆಡ್ಡಾಳನ್ನು ಇಬ್ಸನ್ನನ ನಾಡಿಗೇ ಕರೆದೊಯ್ದಾಗ ನಾರ್ವೆಯ ದೊರೆ ಅವರಿಗೆ ಚಿನ್ನದ ಪದಕ ಕೊಟ್ಟು ಗೌರವಿಸಿದರು. 1956ರಲ್ಲಿ ಬ್ರಿಟಿಷ್ ಸರ್ಕಾರದಿಂದ ‘ಡೇಮ್’ ಬಿರುದು, ಗಂಡಸರ ‘ಸರ್’ಗೆ ಸಮನಾದದ್ದು, ಬಂತು. ಅದೇ ವರ್ಷ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಬ್ರೆಕ್ಟ್‌ನ ಸೆಚುವಾನದ ಒಳ್ಳೆಯ ಹೆಂಗಸಿನ ಪಾತ್ರವನ್ನೂ ಅವರು ಕೈಗೆತ್ತಿಕೊಂಡರು. ಬಿರುದು ಬಂದ ಮೇಲೆ ಸುರಕ್ಷಿತ ದಾರಿ ಹಿಡಿಯುವ ಜಾಯಮಾನ ಅವರದಲ್ಲ.

ರಾಯಲ್ ಶೇಕ್ಸ್‌ಪಿಯರ್ ಕಂಪನಿಯೊಂದಿಗೆ ಅವರ ಸಂಬಂಧವೇನು?

ಸ್ಟ್ರಾಟ್‌ಫರ್ಡ್‌ನಲ್ಲಿ (ಶೇಕ್ಸ್‌ಪಿಯರ್ ಹುಟ್ಟಿದ ಊರು) ನಾಟಕೋತ್ಸವದ ಋತುವಿಗಷ್ಟೇ ನಟರನ್ನು ಕೂಡಿಸುತ್ತಿದ್ದ ಪದ್ಧತಿಯನ್ನು ಬಿಟ್ಟು, ವರ್ಷಗಳ ಕರಾರಿನ ಮೇಲೆ ಒಂದು ಸ್ಥಿರ ತಂಡ ಕಟ್ಟಬೇಕೆಂದು ಮೂವತ್ತರ ಒಳಗಿನ ನಿರ್ದೇಶಕ ಪೀಟರ್ ಹಾಲ್ ಹೊರಟಾಗ, ಅವರ ಯೋಜನೆಯನ್ನು ನಂಬಿ ಮೊದಲು ಒಪ್ಪಿದವರಲ್ಲಿ ಆಶ್‌ಕ್ರಾಫ್ಟ್ ಒಬ್ಬರು. ಆಗ ಅವರಿಗೆ ಐವತ್ತು ದಾಟಿತ್ತು, ಬೇಡಿಕೆ ತುಂಬ ಇತ್ತು. ವೆಸ್ಟ್ ಎಂಡ್‌ನ ಒಳ್ಳೆಯ ಸಂಭಾವನೆಯ ನಾಟಕಗಳನ್ನು ಬಿಟ್ಟು ಅವರು ತಂಡವನ್ನು ಆರಿಸಿಕೊಂಡರು, ಅವರ ಹೆಸರು ಹೊಸ ಸಂಸ್ಥೆಗೆ ಆರಂಭದಲ್ಲೇ ಘನತೆ ತಂದಿತು. 1960ರಲ್ಲಿ ‘ದ ಟೇಮಿಂಗ್ ಆಫ್ ದ ಶ್ರೂ’ದಲ್ಲಿ, ತಮಗಿಂತ ಇಪ್ಪತ್ತೈದು ವರ್ಷ ಚಿಕ್ಕವರಾದ ಪೀಟರ್ ಒಟೂಲ್ ಎದುರು ಅವರು ಕ್ಯಾಥರಿನಾ ಆದರು.

ಈ ಸಂಬಂಧದ ಶಿಖರ 1963–64ರ ‘ದ ವಾರ್ಸ್ ಆಫ್ ದ ರೋಸಸ್’. ಶೇಕ್ಸ್‌ಪಿಯರ್‌ನ ಆರನೇ ಹೆನ್ರಿಯ ಮೂರು ನಾಟಕಗಳನ್ನೂ ಮೂರನೇ ರಿಚರ್ಡ್‌ನನ್ನೂ ಜಾನ್ ಬಾರ್ಟನ್ ಮೂರು ಸುದೀರ್ಘ ಭಾಗಗಳಾಗಿ ಹೊಂದಿಸಿದ ಪ್ರಯೋಗ ಅದು. ಅದರಲ್ಲಿ ಆಶ್‌ಕ್ರಾಫ್ಟ್ ಮಾಡಿದ್ದು ಮಾರ್ಗರೆಟ್ ರಾಣಿಯ ಪಾತ್ರ. ಫ್ರಾನ್ಸಿನಿಂದ ಬಂದ ಎಳೆಯ ಹುಡುಗಿ, ದುರ್ಬಲ ದೊರೆಯ ಹೆಂಡತಿ, ರಣರಂಗದ ನಾಯಕಿ, ಕೊನೆಗೆ ಎಲ್ಲವನ್ನೂ ಕಳೆದುಕೊಂಡು ಅರಮನೆಯ ಮೂಲೆಯಲ್ಲಿ ಶಾಪ ಹಾಕುತ್ತ ಸುತ್ತುವ ಮುದುಕಿ. ಐವತ್ತೈದು ದಾಟಿದ ನಟಿ ಇವೆಲ್ಲವನ್ನೂ ಒಂದೇ ಮೈಯಲ್ಲಿ ತೋರಿಸಬೇಕಿತ್ತು.

ಸಿಂಹಾಸನಕ್ಕಾಗಿ ಹೋರಾಡಿ ಸೋತ ಎದುರಾಳಿ ಯಾರ್ಕನನ್ನು ಕೊಲ್ಲುವ ಮೊದಲು ಮಾರ್ಗರೆಟ್ ಅವನ ತಲೆಗೆ ಕಾಗದದ ಕಿರೀಟ ಇಟ್ಟು, ಅವನ ಎಳೆಯ ಮಗನ ರಕ್ತದಲ್ಲಿ ಅದ್ದಿದ ಕರವಸ್ತ್ರವನ್ನು ಕಣ್ಣೊರೆಸಿಕೋ ಎಂದು ಕೊಡುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು. ಕ್ರೌರ್ಯದ ನಡುವೆಯೇ, ತಾನು ಮಾಡುತ್ತಿರುವುದು ಏನೆಂದು ಅವಳಿಗೇ ಅರಿವಾಗುತ್ತಿರುವಂತೆ ಆ ಮುಖ ಒಂದು ಗಳಿಗೆ ಬದಲಾಗುತ್ತದೆ. ಬಿಬಿಸಿ ಇದನ್ನು ಟೆಲಿವಿಷನ್ನಿಗಾಗಿ ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿದ್ದರಿಂದ ನಮ್ಮಂಥವರಿಗೂ ಅದು ನೋಡಲು ಸಿಗುವಂತಾಯಿತು. ಅವರ ಜೂಲಿಯೆಟ್, ಅವರ ಡೆಸ್ಡಿಮೋನಾ ನಮಗೆ ಬರಿಯ ಸುದ್ದಿ. ಮಾರ್ಗರೆಟ್ ಮಾತ್ರ ಕಣ್ಣೆದುರಿಗೇ ಇದ್ದಾಳೆ. ಅದಕ್ಕಾಗಿ ಆ ದಾಖಲೆಯನ್ನು ಎಷ್ಟು ಕೊಂಡಾಡಿದರೂ ಸಾಲದು.

ವಯಸ್ಸಾದ ಮೇಲೆ ರಂಗದಲ್ಲಿ ಅವರು ಮಾಡಿದ್ದು ಏನು?

ಸಾಮಾನ್ಯವಾಗಿ ಹಿರಿಯ ನಟಿಯರಿಗೆ ಬರುವ ಅಜ್ಜಿಯ ಪಾತ್ರಗಳಲ್ಲಿ ಅವರು ಆರಾಮವಾಗಿ ಕೂರಲಿಲ್ಲ. ಹರಾಲ್ಡ್ ಪಿಂಟರ್, ಎಡ್ವರ್ಡ್ ಆಲ್ಬಿ, ಸ್ಯಾಮ್ಯುಯೆಲ್ ಬೆಕೆಟ್ ಎಂಬ ಹೊಸ ಕಾಲದ ನಾಟಕಕಾರರ ಕಡೆಗೆ ಹೊರಳಿದರು. 1975ರಲ್ಲಿ ನ್ಯಾಷನಲ್ ಥಿಯೇಟರಿಗಾಗಿ ಬೆಕೆಟ್‌ನ ‘ಹ್ಯಾಪಿ ಡೇಸ್’ನ ವಿನ್ನಿ ಪಾತ್ರ ಮಾಡಿದರು, ಮರುವರ್ಷ ಲಂಡನ್ನಿನಲ್ಲಿ ನ್ಯಾಷನಲ್ ಥಿಯೇಟರಿನ ಹೊಸ ಕಟ್ಟಡ ತೆರೆದಾಗ ಅಲ್ಲಿ ಆಡಿದ ಮೊದಲ ನಾಟಕಗಳಲ್ಲಿ ಇದೂ ಒಂದು.

ಈ ನಾಟಕದ ಮೊದಲಂಕದಲ್ಲಿ ವಿನ್ನಿ ಸೊಂಟದವರೆಗೆ ಮಣ್ಣದಿಬ್ಬದಲ್ಲಿ ಹೂತುಹೋಗಿರುತ್ತಾಳೆ. ಕೈಗೆ ಎಟುಕುವಂತೆ ಒಂದು ಚೀಲ, ಅದರಲ್ಲಿ ಹಲ್ಲುಜ್ಜುವ ಬ್ರಷ್ಷು, ಕನ್ನಡಿ, ಇನ್ನಷ್ಟು ಚಿಲ್ಲರೆ ವಸ್ತುಗಳು. ಎರಡನೆಯ ಅಂಕದಲ್ಲಿ ಮಣ್ಣು ಕುತ್ತಿಗೆಯವರೆಗೆ ಏರಿರುತ್ತದೆ. ಕೈಯಿಲ್ಲ, ತಲೆ ಅಲ್ಲಾಡಿಸುವಂತಿಲ್ಲ. ಉಳಿದಿರುವುದು ಕಣ್ಣು, ತುಟಿ, ದನಿ. ನಡಿಗೆ, ಭಂಗಿ, ಸೆರಗು, ಕೈಬೀಸು ಎಂದು ನಟಿಯೊಬ್ಬಳು ಜೀವಮಾನವಿಡೀ ಕಲಿತದ್ದನ್ನೆಲ್ಲ ಕಿತ್ತುಕೊಂಡು, ಈಗ ಆಡು ನೋಡೋಣ ಎನ್ನುವ ನಾಟಕ ಅದು. ಅರವತ್ತೇಳರ ವಯಸ್ಸಿನಲ್ಲಿ ಅದನ್ನು ಒಪ್ಪಿಕೊಳ್ಳುವುದಕ್ಕೆ ಎದೆ ಬೇಕು. ಕ್ಯಾಮೆರಾದ ಮುಂದೆ ಅವರು ಆಮೇಲೆ ತೋರಿಸಿದ ಮಿತವ್ಯಯದ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ರಂಗದ ಮೇಲೆ ಅವರ ಕೊನೆಯ ಪಾತ್ರ, ಟ್ರೆವರ್ ನನ್ 1981ರಲ್ಲಿ ನಿರ್ದೇಶಿಸಿದ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ನ ಕೌಂಟೆಸ್.

ಟೆಲಿವಿಷನ್ನಿಗೆ ಅಷ್ಟು ತಡವಾಗಿ ಬಂದದ್ದೇಕೆ?

ಮೊದಲಿನಿಂದಲೂ ಅವರ ಮನಸ್ಸು ರಂಗದ ಮೇಲಿತ್ತು. 1935ರಲ್ಲಿ ಹಿಚ್‌ಕಾಕ್‌ನ ‘ದ ಥರ್ಟಿ ನೈನ್ ಸ್ಟೆಪ್ಸ್’ ಚಿತ್ರದಲ್ಲಿ ಸ್ಕಾಟ್ಲೆಂಡಿನ ಬಡ ರೈತನ ಹೆಂಡತಿಯಾಗಿ ಕೆಲವೇ ನಿಮಿಷ ಕಾಣಿಸಿಕೊಂಡಿದ್ದರು. ಗಂಡನ ಅನುಮಾನದ ಕಣ್ಣಿನಡಿ ಪರವೂರಿನ ಅತಿಥಿಗೆ ಕೋಟು ಕೊಟ್ಟು ಪಾರುಮಾಡುವ ಆ ಹುಡುಗಿ ಇಂದಿಗೂ ಮನಸ್ಸಿನಲ್ಲಿ ಉಳಿಯುತ್ತಾಳೆ. ಆದರೂ ಚಿತ್ರರಂಗವನ್ನು ಅವರು ಬೆನ್ನಟ್ಟಲಿಲ್ಲ. 1978ರ ‘ಎಡ್ವರ್ಡ್ ಅಂಡ್ ಮಿಸೆಸ್ ಸಿಂಪ್ಸನ್’ ಧಾರಾವಾಹಿಯಲ್ಲಿ ರಾಣಿ ಮೇರಿ, 1980ರಲ್ಲಿ ‘ಕ್ರೀಮ್ ಇನ್ ಮೈ ಕಾಫಿ’ ಮತ್ತು ‘ಕಾಟ್ ಆನ್ ಎ ಟ್ರೇನ್’ ಎಂಬ ಟೆಲಿವಿಷನ್ ನಾಟಕಗಳು, ಹೀಗೆ ಕಿರುತೆರೆಯ ಕೆಲಸ ಹೆಚ್ಚಿದ್ದು ಎಪ್ಪತ್ತರ ಆಸುಪಾಸಿನಲ್ಲಿ. ಕೊನೆಯ ಎರಡಕ್ಕೆ ಸೇರಿ, ಬ್ರಿಟನ್ನಿನ ಚಲನಚಿತ್ರ ಮತ್ತು ಟೆಲಿವಿಷನ್ ಅಕಾಡೆಮಿ ಕೊಡುವ ಬಾಫ್ಟಾ ಪ್ರಶಸ್ತಿ ಬಂತು.

‘ದ ಜ್ಯುವೆಲ್ ಇನ್ ದ ಕ್ರೌನ್’ನಲ್ಲಿ ಅವರ ಪಾತ್ರ ಯಾವುದು?

ಪಾಲ್ ಸ್ಕಾಟ್ ಅವರ ನಾಲ್ಕು ಕಾದಂಬರಿಗಳನ್ನು ಆಧರಿಸಿ ಗ್ರನಾಡಾ ಟೆಲಿವಿಷನ್ ತಯಾರಿಸಿದ ಹದಿನಾಲ್ಕು ಕಂತುಗಳ ಈ ಧಾರಾವಾಹಿ 1984ರಲ್ಲಿ ಪ್ರಸಾರವಾಯಿತು. 1942ರ ಚಳವಳಿಯಿಂದ ದೇಶವಿಭಜನೆಯವರೆಗಿನ ಕಾಲದ ಕಥೆ. ಇದರಲ್ಲಿ ಆಶ್‌ಕ್ರಾಫ್ಟ್ ನಿವೃತ್ತ ಮಿಷನರಿ ಶಿಕ್ಷಕಿ ಬಾರ್ಬಿ ಬ್ಯಾಚಲರ್. ಬಾರ್ಬಿಗೆ ಮಾತು ಹೆಚ್ಚು, ಸ್ಥಾನಮಾನ ಕಡಿಮೆ. ಬೆಟ್ಟದೂರಿನ ಬ್ರಿಟಿಷ್ ಅಧಿಕಾರಿಗಳ ಕುಟುಂಬಗಳಿಗೆ ಅವಳೊಂದು ತೊಂದರೆ. ಆಶ್ರಯ ಕೊಟ್ಟಿದ್ದ ಗೆಳತಿ ತೀರಿಕೊಂಡ ಮೇಲೆ ಅವಳಿಗೆ ಉಳಿಯುವುದು, ಜೀವಮಾನದ ಕಾಗದಪತ್ರ ತುಂಬಿದ ಒಂದು ಟ್ರಂಕು. ಆ ಟ್ರಂಕನ್ನು ಟಾಂಗಾದ ಮೇಲೆ ಹೇರಿಕೊಂಡು ಇಳಿಜಾರಿನಲ್ಲಿ ಹೋಗುವಾಗ ಗಾಡಿ ಉರುಳುತ್ತದೆ. ಅಷ್ಟೊಂದು ಮಾತಾಡುತ್ತಿದ್ದವಳು ಅಲ್ಲಿಂದ ಮುಂದೆ ಆಸ್ಪತ್ರೆಯ ಕಿಟಕಿಯ ಬಳಿ ಮೌನವಾಗಿ ಕೂರುತ್ತಾಳೆ.

ಮಾತು ತುಂಬಿದ ಬಾರ್ಬಿಯನ್ನು ಆಶ್‌ಕ್ರಾಫ್ಟ್ ಎಲ್ಲೂ ನಗೆಪಾಟಲು ಮಾಡುವುದಿಲ್ಲ. ತನ್ನ ದೇವರು ತನ್ನ ಪ್ರಾರ್ಥನೆಯನ್ನು ಕೇಳಿಸಿಕೊಳ್ಳುತ್ತಿಲ್ಲ ಎಂಬ ಭಯ ಆ ಹರಟೆಯ ಕೆಳಗೆ ಸದಾ ಹರಿಯುತ್ತಿರುತ್ತದೆ. ಈ ಪಾತ್ರಕ್ಕೂ ಅವರಿಗೆ ಬಾಫ್ಟಾ ಬಂತು.

‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರೀಕರಣ ಕರ್ನಾಟಕದಲ್ಲಿ ಎಲ್ಲೆಲ್ಲಿ ನಡೆಯಿತು?

ಕಾದಂಬರಿಯ ಚಂದ್ರಪುರ ಗಂಗೆಯ ದಡದ ಕಾಲ್ಪನಿಕ ಊರು. ಲೀನ್ ಅದರ ಪೇಟೆಯನ್ನು ಬೆಂಗಳೂರು ಅರಮನೆಯ ಮೈದಾನದಲ್ಲಿ ಕಟ್ಟಿಸಿದರು. ಕಥೆಯ ಮರಬಾರ್ ಗುಹೆಗಳಿಗೆ ಪ್ರೇರಣೆಯಾದ ಬರಾಬರ್ ಗುಹೆಗಳಿರುವುದು ಬಿಹಾರದಲ್ಲಿ. ಆದರೆ ಚಿತ್ರದಲ್ಲಿ ನಾವು ಕಾಣುವುದು ಸಾವನದುರ್ಗ ಮತ್ತು ರಾಮದೇವರ ಬೆಟ್ಟದ ಬಂಡೆಗಳನ್ನು. ಗುಹೆಗಳ ಬಾಯಿಯನ್ನು ಚಿತ್ರತಂಡವೇ ಬಂಡೆಯಲ್ಲಿ ಕೊರೆಸಿತು. ಇದಕ್ಕೆ ಒಂದು ದಶಕದ ಹಿಂದೆ ‘ಶೋಲೆ’ಯ ರಾಮಗಢವಾಗಿದ್ದದ್ದೂ ಇದೇ ರಾಮನಗರದ ಬೆಟ್ಟಸಾಲು.

ಭಾರತದಲ್ಲಿ ಧಾರಾವಾಹಿಯ ಕೆಲಸ ಮುಗಿಸಿದ್ದ ಆಶ್‌ಕ್ರಾಫ್ಟ್‌ಗೆ ಮತ್ತೆ ಇಲ್ಲಿಗೆ ಬರುವ ಉತ್ಸಾಹವಿರಲಿಲ್ಲ. ನನಗೆ ಎಪ್ಪತ್ತೈದು ವರ್ಷ ಎಂದಾಗ ಲೀನ್, ನನಗೂ ಅಷ್ಟೇ ಎಂದರಂತೆ. ಡಾಕ್ಟರ್ ಅಜೀಜ್ ಪಾತ್ರ ಮಾಡಿದ ವಿಕ್ಟರ್ ಬ್ಯಾನರ್ಜಿ ಅವರಿಗೆ ಹೊಸಬರಲ್ಲ. ರಾಜಸ್ಥಾನದ ಜೋಧಪುರದಲ್ಲಿ ತೆಗೆದ, 1978ರಲ್ಲಿ ತೆರೆಕಂಡ ನಿರ್ದೇಶಕ ಜೇಮ್ಸ್ ಐವರಿ ಮತ್ತು ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್ ಅವರ ಚಿತ್ರವೊಂದರಲ್ಲಿ ಇಬ್ಬರೂ ಒಟ್ಟಿಗೆ ಇದ್ದರು.

ಬೆಳುದಿಂಗಳಿನಲ್ಲಿ ಪಾಳುಬಿದ್ದ ಮಸೀದಿಯೊಳಗೆ ಅಜೀಜ್ ಒಬ್ಬನೇ ಇರುವಾಗ ಮಿಸೆಸ್ ಮೂರ್ ಎದುರಾಗುವ ದೃಶ್ಯ ಚಿತ್ರದ ತಿರುಳು. ಇಂಗ್ಲಿಷ್ ಹೆಂಗಸು ಚಪ್ಪಲಿ ಬಿಡದೆ ಬಂದಿರಬೇಕು ಎಂದುಕೊಂಡು ಅವನು ಸಿಡುಕುತ್ತಾನೆ. ಬಿಟ್ಟೇ ಬಂದಿದ್ದೇನೆ ಎಂದು ಅವರು ಹೇಳುತ್ತಾರೆ. ಆ ಉತ್ತರದಲ್ಲಿ ದೊಡ್ಡಸ್ತಿಕೆ ಇಲ್ಲ, ಉಪಕಾರ ಮಾಡಿದ ಧಾಟಿಯೂ ಇಲ್ಲ. ದೇವರ ಜಾಗಕ್ಕೆ ಹೋಗುವಾಗ ಕಾಲುಮೆಟ್ಟು ಬಿಡುವುದು ತನಗೆ ಸಹಜ ಎಂಬಷ್ಟೇ ಸರಳವಾಗಿ ಆ ಮಾತು ಬರುತ್ತದೆ.

ಆಸ್ಕರ್ ಪ್ರಶಸ್ತಿ ಯಾವಾಗ ಬಂತು?

1985ರ ಮಾರ್ಚ್‌ನಲ್ಲಿ, ಮಿಸೆಸ್ ಮೂರ್ ಪಾತ್ರಕ್ಕೆ, ಅತ್ಯುತ್ತಮ ಪೋಷಕ ನಟಿ ವಿಭಾಗದಲ್ಲಿ. ಆಗ ಅವರಿಗೆ 77 ವರ್ಷ. ಆ ವಿಭಾಗದಲ್ಲಿ ಗೆದ್ದವರಲ್ಲೆಲ್ಲ ಹಿರಿಯರು ಅವರೇ. ಸಮಾರಂಭಕ್ಕೆ ಹೋಗಲಾಗದ ಕಾರಣ ನಟಿ ಆಂಜೆಲಾ ಲ್ಯಾನ್ಸ್‌ಬರಿ ಅವರ ಪರವಾಗಿ ಪ್ರಶಸ್ತಿ ಸ್ವೀಕರಿಸಿದರು.

ಇವೆಲ್ಲ ಬ್ರಿಟಿಷ್ ಆಳ್ವಿಕೆಯನ್ನು ಹಂಬಲಿಸುವ ಚಿತ್ರಗಳಲ್ಲವೇ?

ಈ ಆಕ್ಷೇಪ ಆಗಲೇ ಬಂದಿತ್ತು, ಅದರಲ್ಲಿ ಹುರುಳೂ ಇದೆ. ಭಾರತದ ಕಥೆಯಲ್ಲಿ ಭಾರತೀಯರು ಅಂಚಿಗೆ ಸರಿದು ಇಂಗ್ಲಿಷರ ಸಂಕಟ ನಡುವೆ ನಿಲ್ಲುತ್ತದೆ. ಪ್ರೊಫೆಸರ್ ಗೋಡ್‌ಬೋಲೆಯಾಗಿ ಲೀನ್ ಚಿತ್ರದಲ್ಲಿ ಗಿನ್ನೆಸ್ ಮೈಗೆ ಬಣ್ಣ ಹಚ್ಚಿಕೊಂಡು ಬರುವುದನ್ನು ಇಂದು ಸಮರ್ಥಿಸಲು ನನ್ನಿಂದಾಗದು. ಆದರೆ ಆಶ್‌ಕ್ರಾಫ್ಟ್ ಮಾಡಿದ ಎರಡು ಪಾತ್ರಗಳನ್ನು ಬೇರೆಯಾಗಿಯೇ ನೋಡಬೇಕು. ಬಾರ್ಬಿಯೂ ಮಿಸೆಸ್ ಮೂರೂ ಆ ಸಾಮ್ರಾಜ್ಯದೊಳಗಿದ್ದೇ ಅದರ ಮೇಲಿನ ನಂಬಿಕೆ ಕಳೆದುಕೊಳ್ಳುವವರು. ಒಬ್ಬಳ ಮಾತು ನಿಂತುಹೋಗುತ್ತದೆ, ಇನ್ನೊಬ್ಬಳು ಊರಿಗೆ ಮರಳುವ ಹಡಗಿನಲ್ಲೇ ಸಾಯುತ್ತಾಳೆ. ಆ ಕುಸಿತವನ್ನು ಹಳೆಯ ದಿನಗಳ ಸವಿನೆನಪಾಗಲು ಆಶ್‌ಕ್ರಾಫ್ಟ್ ಬಿಡಲಿಲ್ಲ.

ಅವರ ಕೆಲಸವನ್ನು ನೋಡಲು ಎಲ್ಲಿಂದ ಶುರುಮಾಡಬೇಕು?

ಮೊದಲು ‘ಎ ಪ್ಯಾಸೇಜ್ ಟು ಇಂಡಿಯಾ’, ಪರಿಚಿತ ಬೆಟ್ಟಗಳ ನಡುವೆ. ಆಮೇಲೆ ‘ದ ಜ್ಯುವೆಲ್ ಇನ್ ದ ಕ್ರೌನ್’, ಬಿಡುವು ಮಾಡಿಕೊಂಡು. ಬಳಿಕ ‘ದ ವಾರ್ಸ್ ಆಫ್ ದ ರೋಸಸ್’. ಕಪ್ಪುಬಿಳುಪು, ಹಳೆಯ ಕಾಲದ ಧ್ವನಿಮುದ್ರಣ, ಆದರೂ ಮೊದಲ ಹತ್ತು ನಿಮಿಷ ತಾಳ್ಮೆಯಿಂದ ಕುಳಿತರೆ ಮುಂದಿನದು ತಾನೇ ಎಳೆದುಕೊಂಡು ಹೋಗುತ್ತದೆ. ಕೊನೆಗೆ 1989ರ ‘ಶೀಸ್ ಬೀನ್ ಅವೇ’. ಬದುಕಿನ ಬಹುಪಾಲನ್ನು ಮನೋರೋಗಿಗಳ ಆಸ್ಪತ್ರೆಯಲ್ಲಿ ಕಳೆದು ಹೊರಬಂದ ಮುದುಕಿಯಾಗಿ ನಟಿಸಿದ್ದಕ್ಕೆ, ಸಹನಟಿ ಜೆರಲ್ಡಿನ್ ಜೇಮ್ಸ್ ಜೊತೆ ಅವರು ವೆನಿಸ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ ಹಂಚಿಕೊಂಡರು.

ಅವರ ಕೊನೆಯ ದಿನಗಳು ಮತ್ತು ಸ್ಮಾರಕಗಳ ಬಗ್ಗೆ ತಿಳಿಸುವಿರಾ?

ಪೆಗ್ಗಿ ಆಶ್‌ಕ್ರಾಫ್ಟ್ 1991ರ ಜೂನ್ 14ರಂದು, 83ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ನಿಧನರಾದರು. ಹುಟ್ಟೂರು ಕ್ರಾಯ್ಡನ್‌ನಲ್ಲಿ 1962ರಲ್ಲೇ, ಅವರು ಬದುಕಿರುವಾಗಲೇ, ಅವರ ಹೆಸರಿನ ರಂಗಮಂದಿರ ತೆರೆದಿತ್ತು. ಸ್ಟ್ರಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರ್ ಕೊನೆಯ ವರ್ಷಗಳನ್ನು ಕಳೆದ ಮನೆಯ ತೋಟದಲ್ಲಿ, 1969ರಲ್ಲಿ ಅವರೇ ನೆಟ್ಟಿದ್ದ ಒಂದು ಹಿಪ್ಪುನೇರಳೆ ಮರವಿದೆ. ಸಾವನದುರ್ಗದಿಂದ ರಾಮನಗರದತ್ತ ಹೋಗುವಾಗ ರೇಷ್ಮೆಹುಳುವಿನ ಮೇವಿಗೆಂದು ಹೊಲಗಳಲ್ಲಿ ಬೆಳೆಸಿರುವುದು ಕಾಣುತ್ತದಲ್ಲ, ಅದೇ ಕುಲದ ಮರ. ಅವರ ಚಿತಾಭಸ್ಮವನ್ನು ಅದರ ಬುಡದ ಸುತ್ತ ಚೆಲ್ಲಲಾಯಿತು.